ಭಾನುವಾರ ಎಂಟು ಗಂಟೆಯ ಮಾಮಿ

ಆರ್ಲಿಂಗ್ಟನ್
14 ಅಕ್ಟೋಬರ್ 1999

ಜಯಂತ,

ನೀನು ಫೋನ್ ಎತ್ತುತ್ತಿಲ್ಲ. ಆನ್ಸರಿಂಗ್ ಮಷೀನಿನಲ್ಲಿ ನಾಲ್ಕು ಸಲ ಮಾತಾಡಿದೆ. ನಾಲ್ಕು ಸಲವೂ ನೀನು ಪಕ್ಕದಲ್ಲೇ ನಿಂತು ಕೇಳುತ್ತಿದ್ದೀ ಎಂದೇ ನನಗನಿಸಿತು. ಈಮೇಲ್‌ಗೂ ಉತ್ತರವಿಲ್ಲ. ಈಮೇಲನ್ನು ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕು. ಕಾಗದವಾದರೆ ಎದ್ದು ಹೋಗಿ ಕಸದ ಬುಟ್ಟಿಗೆ ಹಾಕಬೇಕು, ಹಾಕುವ ಮೊದಲು ಒಂದು ಸಾಲಾದರೂ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗದಗಿನ ಹೈಸ್ಕೂಲು ಬಿಟ್ಟ ಮೇಲೆ ಇಷ್ಟುದ್ದ ಕನ್ನಡ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ತಪ್ಪಿದಲ್ಲಿ ನಿನ್ನ ಮೈಸೂರಿನ ಕೆಂಪು ಪೆನ್ನು ತೆಗೆಯಬೇಡ.

ಹೂಸ್ಟನ್ನಿಗೆ ಹೋದದ್ದು ನೀರು ಪರೀಕ್ಷೆಯ ಲ್ಯಾಬಿನ ಕೆಲಸಕ್ಕೆ ಎಂದು ನೀನು ಎಲ್ಲರಿಗೂ ಹೇಳಿದ್ದೀ. ಅದು ಅರ್ಧ ಸತ್ಯ. ಇನ್ನರ್ಧ ಆಗಸ್ಟ್ 28ರ ಸಂಜೆ, ಡ್ಯಾಲಸ್‌ನ ಡೀಪ್ ಎಲ್ಲಮ್‌ನ ಆ ಕ್ಲಬ್ಬಿನಲ್ಲಿದೆ.

ಎರಡು ವರ್ಷ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದರೂ ನಮ್ಮ ಬ್ಯಾಂಡ್ ಏನು ಮಾಡುತ್ತದೆಂದು ನೀನು ಒಮ್ಮೆಯೂ ಕೇಳಲಿಲ್ಲ, ಆದ್ದರಿಂದ ಈಗ ಹೇಳುತ್ತೇನೆ. ಹೆಸರು ಲಾಸ್ ತೀಯೋಸ್, ಅಂದರೆ ಸ್ಪ್ಯಾನಿಷ್‌ನಲ್ಲಿ ಅಂಕಲ್‌ಗಳು. ಹಾಡುವವಳು ಲೂಪೆ, ಹಗಲು ಸ್ಕೂಲ್ ಬಸ್ ಓಡಿಸುತ್ತಾಳೆ. ಡ್ರಮ್ಸ್ ಅವಳ ತಮ್ಮ ಚೂಯಿ, ಮನೆಗಳಿಗೆ ಚಾವಣಿ ಹೊದಿಸುವವನು. ಬಾಸ್ ಗಿಟಾರ್ ನಾನು. ಅವರು ಚಿಕಾನೊಗಳು, ಮೂಲ ಮೆಕ್ಸಿಕೊ, ಹುಟ್ಟಿದ್ದು ಬೆಳೆದದ್ದು ಡ್ಯಾಲಸ್. ಹಳೆಯ ಪಂಕ್ ರಾಕ್ ಹಾಡುಗಳ ಧಾಟಿಗೆ ತಮ್ಮ ಮನೆಯ ಮಾತು ಕೂಡಿಸಿ ಹಾಡುವುದು ನಮ್ಮ ಕಸುಬು. ಮೂಲ ಹಾಡಿನಲ್ಲಿ ಗಾಯಕ ಸರ್ಕಾರವನ್ನು ಬೈಯುತ್ತಿದ್ದರೆ, ಲೂಪೆ ಅದೇ ಆವೇಶದಲ್ಲಿ ಮದುವೆ ಊಟದ ಅರ್ಧವನ್ನು ಡಬ್ಬಿಗೆ ತುಂಬಿಕೊಂಡು ಹೋದ ಚಿಕ್ಕಮ್ಮನನ್ನು ಬೈಯುತ್ತಾಳೆ. ನಮ್ಮೂರಲ್ಲಿ ಇದನ್ನು ಅಣಕವಾಡು ಎನ್ನುತ್ತೇವೆ. ನಾನು ಅವರ ಜೊತೆ ಸೇರಿದ್ದಕ್ಕೆ ಬೇರೆ ಕಾರಣವೇನೂ ಇಲ್ಲ, ನಕ್ಕು ನಕ್ಕು ಸೇರಿದೆ.

'ಮಾಮಿ' ಹಾಡಿನ ಮಾತುಗಳು ನನ್ನವು. ಯಾರ ಮಾತನ್ನೂ ಕೇಳುವುದಿಲ್ಲ ಎಂದು ಚೀರುವ ಒಂದು ಹಳೆಯ ಹಾಡಿಗೆ ಇಂಗ್ಲಿಷಿನಲ್ಲಿ ಬರೆದೆ, ಕನ್ನಡದಲ್ಲಾದರೆ ಹೀಗೆ: ಬಾಸು ಬೈದರೆ ಕೇಳೋದಿಲ್ಲ, ಪೊಲೀಸ್ ಬೈದರೆ ಕೇಳೋದಿಲ್ಲ, ಭಾನುವಾರ ಎಂಟಕ್ಕೆ ಮಾಮಿ ಬೈದರೆ ಕೈಕಟ್ಟಿ ನಿಲ್ತೀನಿ. ಮಾಮಿ ಎಂದರೆ ಅವರ ಮಾತಿನಲ್ಲಿ ಅಮ್ಮ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಡುವೆ ಮೈಕ್ ಹಿಡಿದು, ನಿನ್ನ ದನಿಯಲ್ಲಿ, ಭಾನುವಾರ ಬೆಳಿಗ್ಗೆ ನೀನು ಮೈಸೂರಿಗೆ ಫೋನ್ ಹಚ್ಚಿ ಪಿಟೀಲು ಹಿಡಿದು ನಿಲ್ಲುವ ಹಾಗೆ ನಿಂತು, "ಅಮ್ಮಾ, ಈಗ ಸರಿಯಾಯ್ತಾ?" ಎಂದೆ. ಆ ಇನ್ನೂರು ಜನರಲ್ಲಿ ನಾವಿಬ್ಬರನ್ನು ಬಿಟ್ಟರೆ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಆದರೂ ಎಲ್ಲರೂ ಸೇರಿ "ಸರಿಯಾಯ್ತಾ! ಸರಿಯಾಯ್ತಾ!" ಎಂದು ಹಾರಿ ಹಾರಿ ಕೂಗಿದರು. ಮೊದಲ ಸಲ ನಮ್ಮ ಶೋಗೆ ಬಂದಿದ್ದ ನೀನು ಬಾಗಿಲ ಬಳಿ ನಿಂತಿದ್ದೆ. ಮತ್ತೆ ನೋಡಿದಾಗ ಇರಲಿಲ್ಲ.

ತಮಾಷೆಗೆ ಮಾಡಿದ್ದು. ತಪ್ಪಾಯಿತು ಎಂದು ಬರೆಯಲು ಕೂತವನು ಇಷ್ಟು ಉದ್ದ ಬರೆದುಬಿಟ್ಟೆ.

ನಿನ್ನ
ಇರಣ್ಣ


ಆರ್ಲಿಂಗ್ಟನ್
9 ನವೆಂಬರ್ 1999

ಜಯಂತ,

ಉತ್ತರವಿಲ್ಲ. ಕಾಗದ ವಾಪಸ್ ಕೂಡ ಬರಲಿಲ್ಲ, ಆದ್ದರಿಂದ ಇದು ಎರಡನೆಯದು.

ದೀಪಾವಳಿಗೆ ಕನ್ನಡ ಸಂಘದವರು ಸೇರಿದ್ದರು. ಗೋಪಾಲಕೃಷ್ಣ ಅಂಕಲ್ ನನ್ನ ಭುಜ ಹಿಡಿದು, "ನಿಮ್ಮ ರೂಮ್‌ಮೇಟ್ ಎಲ್ರೀ? ಈ ತಿಂಗಳ ಕೊನೆಗೆ ರಾಜ್ಯೋತ್ಸವ ಮಾಡ್ತೀವಲ್ಲ, ಅದಕ್ಕೆ ಪಿಟೀಲು ನುಡಿಸ್ತೀನಿ ಅಂದಿದ್ರು" ಎಂದರು. ಹೂಸ್ಟನ್ನಿಗೆ ಶಿಫ್ಟ್ ಆಗಿದ್ದಾನೆ ಎಂದೆ. "ಹಾಗಾದ್ರೆ ನೀವೇ ಏನಾದ್ರೂ ಮಾಡಿ, ನೀವೂ ಮ್ಯೂಸಿಕ್ ಅಲ್ವಾ?" ಎಂದರು. ನಾನು ಯಾವ ಮ್ಯೂಸಿಕ್ ಎಂದು ಅವರಿಗೆ ಯಾರೂ ಹೇಳಿಲ್ಲ. ಪಾಪ, ಬಿಳಿ ಪಂಚೆ ಉಟ್ಟುಕೊಂಡಿದ್ದರು. ನಾನೂ ಹೇಳಲಿಲ್ಲ.

ಇನ್ನೊಂದು ಸುದ್ದಿ. ಒಂದೂವರೆ ವರ್ಷದಿಂದ ಬ್ಯಾಂಡಿನವರು ನನ್ನನ್ನು 'ರಾನಾ' ಎಂದು ಕರೆಯುತ್ತಾರಲ್ಲ, ಇರಣ್ಣ ಎನ್ನಲು ನಾಲಗೆ ತಿರುಗದೆ ಹಾಗೆನ್ನುತ್ತಾರೆ ಎಂದುಕೊಂಡಿದ್ದೆ. ಮೊನ್ನೆ ಲೂಪೆಯ ಅಜ್ಜಿ ವಿವರಿಸಿದರು. ಸ್ಪ್ಯಾನಿಷ್‌ನಲ್ಲಿ ರಾನಾ ಎಂದರೆ ಕಪ್ಪೆ. ನಾನು ಬಾಸ್ ಬಾರಿಸುವಾಗ ಕಾಲು ಅಗಲಿಸಿ ಕುಪ್ಪಳಿಸುತ್ತೇನಂತೆ. ಈಗ ನಗು. ನಿನಗೆ ಹಕ್ಕಿದೆ.

'ಮಾಮಿ' ಹಾಡನ್ನು ನಮ್ಮ ಶೋಗಳಿಂದ ನಾನು ಬಿಡಿಸಿದ್ದೇನೆ. ಗಂಟಲು ಕೆಟ್ಟಿದೆ ಎಂದು ಒಂದು ನೆವ, ತಂತಿ ಸಡಿಲವಾಗಿದೆ ಎಂದು ಇನ್ನೊಂದು. ಜನ ಅದನ್ನೇ ಕೇಳುತ್ತಾರೆ. ಲೂಪೆಗೆ ಸಿಟ್ಟು ಬಂದಿದೆ. ಅವಳು ಮಾತಾಡುವುದು ಇಂಗ್ಲಿಷೇ ಆದರೂ ನನ್ನ ಕಿವಿಗೆ ಅದು ನಮ್ಮ ಗದಗಿನ ಕನ್ನಡದ ಹಾಗೆಯೇ ಕೇಳುತ್ತದೆ, ಹಾಗೆಯೇ ಬರೆಯುತ್ತೇನೆ: "ಲೇ ಕಪ್ಪಿ, ಮಂದಿ ಆ ಹಾಡಿಗಂತನ ಬರ್ತಾರ. ನೀ ಯಾಕ ಹಿಂದ್ ಸರಿಯಾಕತ್ತಿ? ಏನರ ಮುಚ್ಚಿಡಾಕತ್ತೀಯೇನು?"

ಏನಿಲ್ಲ ಎಂದೆ.

ಇರಣ್ಣ


ಹೂಸ್ಟನ್
21 ನವೆಂಬರ್ 1999

ಇರಣ್ಣನವರಿಗೆ,

ನಿಮ್ಮ ಎರಡೂ ಕಾಗದಗಳು ತಲುಪಿವೆ. ಒತ್ತಕ್ಷರಗಳ ತಪ್ಪು ಒಟ್ಟು ಹನ್ನೊಂದು.

ಜನ ನಕ್ಕರು ಎಂದು ನಾನು ಹೊರಟು ಬಂದೆನೆಂದು ನೀವು ತಿಳಿದಿದ್ದೀರಿ. ನಗುವುದಕ್ಕೆ ನನ್ನ ಆಕ್ಷೇಪವಿಲ್ಲ. ಇಪ್ಪತ್ತೆಂಟು ವರ್ಷದ ಗಂಡಸು ವಾರಕ್ಕೊಮ್ಮೆ ಫೋನಿನ ರಿಸೀವರನ್ನು ದಿಂಬಿನ ಮೇಲಿಟ್ಟು ಅಮ್ಮನಿಗೆ ಪಾಠ ಒಪ್ಪಿಸುವುದು ನಗುವ ವಿಷಯವೇ. ಆದರೆ ಅಮ್ಮನ ಬೆರಳುಗಳು ಸಂಧಿವಾತದಿಂದ ಮಡಚಿಕೊಂಡು ಈಗ ಐದು ವರ್ಷ. ಅವಳ ಪಿಟೀಲು ನನ್ನ ಹತ್ತಿರವಿದೆ. ವಾರದಲ್ಲಿ ಹತ್ತು ನಿಮಿಷ ಅದು ಅವಳಿಗೆ ಕೇಳಿಸುತ್ತಿತ್ತು. ಅವಳು ಅಲ್ಲಿ ಮೇಜಿನ ಮೇಲೆ ಹಾಕುವ ತಾಳ ಇಲ್ಲಿಗೆ ಅರ್ಧ ಸೆಕೆಂಡು ತಡವಾಗಿ ಬರುತ್ತಿತ್ತು, ಆದರೂ ನಾವು ಹೇಗೋ ಕೂಡಿಕೊಳ್ಳುತ್ತಿದ್ದೆವು.

ಆ ಶನಿವಾರದ ಮರುದಿನ ಭಾನುವಾರ. ಎಂಟಕ್ಕೆ ಫೋನ್ ಮಾಡಿದೆ, ರಿಸೀವರನ್ನು ದಿಂಬಿನ ಮೇಲಿಟ್ಟೆ, ಕಮಾನು ಎತ್ತಿದೆ. ಇನ್ನೂರು ಜನ "ಸರಿಯಾಯ್ತಾ" ಎಂದು ಕೂಗಿದ್ದು ಕೇಳಿಸಿತು. ಕೈ ಇಳಿಸಿದೆ. ತಂತಿ ಕಿತ್ತುಹೋಯಿತು ಎಂದು ಅಮ್ಮನಿಗೆ ಹೇಳಿದೆ. ಆಮೇಲಿನ ಭಾನುವಾರವೂ ಅದನ್ನೇ ಹೇಳಿದೆ. ಈಗ ಹೂಸ್ಟನ್ನಿನಲ್ಲಿ ಸೆಖೆ ಎನ್ನುತ್ತೇನೆ. ಮೈಸೂರಿನಲ್ಲಿ ಚಳಿ ಎನ್ನುತ್ತಾಳೆ. ಆಮೇಲೆ ಫೋನ್ ಇಡುತ್ತೇವೆ.

ಇದನ್ನು ನಿಮಗೆ ತಿಳಿಸಬೇಕೆಂದಿರಲಿಲ್ಲ. ತಮಾಷೆಗೆ ಮಾಡಿದ್ದು ಎಂದು ಬರೆದಿರಲ್ಲ, ಅದಕ್ಕೇ ತಿಳಿಸಿದೆ.

ಇಂತಿ,
ಜಯಂತ

ನನ್ನ ಇಡ್ಲಿ ಪಾತ್ರೆ ನಿಮ್ಮಲ್ಲೇ ಉಳಿದಿದೆ. ಅದರಲ್ಲಿ ಬೇರೇನೂ ಬೇಯಿಸಬಾರದಾಗಿ ವಿನಂತಿ.


ಆರ್ಲಿಂಗ್ಟನ್
20 ಡಿಸೆಂಬರ್ 1999

ಜಯಂತ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಮೂರು ಸಲ ಉತ್ತರ ಬರೆದು ಹರಿದೆ.

ನಿನ್ನೆ ಓಕ್ ಕ್ಲಿಫ್‌ನಲ್ಲಿ ಲೂಪೆಯ ಮನೆಗೆ ಹೋಗಿದ್ದೆ. ಕ್ರಿಸ್‌ಮಸ್ ಬಂತೆಂದರೆ ಅವರ ಮನೆಯಲ್ಲಿ ತಮಾಲೆ ಮಾಡುತ್ತಾರೆ. ಮೆಕ್ಕೆಜೋಳದ ಹಿಟ್ಟನ್ನು ಅದರದೇ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಕಡುಬು. ಹದಿನಾಲ್ಕು ಜನ ಮೇಜಿನ ಸುತ್ತ ಕೂತು ಹಿಟ್ಟು ಸವರುವುದು, ತುಂಬುವುದು, ಕಟ್ಟುವುದು, ಬೇರೆಯವರ ಮನೆಯ ಸುದ್ದಿ ಆಡುವುದು. ನನಗಾಗಿ ಅಜ್ಜಿ ಮಾಂಸದ ಬದಲು ಬೀನ್ಸ್ ತುಂಬಿದ್ದು ಬೇರೆ ಮಾಡಿದರು. ದೊಡ್ಡ ಪಾತ್ರೆ ಸಾಲದೆಂದು ನಿನ್ನ ಇಡ್ಲಿ ಪಾತ್ರೆಯನ್ನು ಒಯ್ದಿದ್ದೆ. ಬೀನ್ಸಿನದನ್ನು ಮಾತ್ರ ಅದರಲ್ಲಿ ಇಟ್ಟೆ, ಬೇರೇನೂ ಮುಟ್ಟಿಸಿಲ್ಲ. ಆಣೆ.

ಅಲ್ಲಿ ಲೂಪೆ ಎಲ್ಲರೆದುರು ಮತ್ತೆ ಕೇಳಿದಳು. "ನಿನ್ನವ್ವನ ಹಾಡು ಹಾಡಾಕ ನಿನಗ್ಯಾಕ ನಾಚಿಕಿ?"

ಜಯಂತ, ಅದು ನನ್ನ ಅವ್ವನ ಹಾಡು ಎಂದೇ ನಾನು ಅವರಿಗೆ ಹೇಳಿದ್ದೆ. ಪ್ರತಿ ಭಾನುವಾರ ಎಂಟಕ್ಕೆ ಊರಿನಿಂದ ನನ್ನ ಅವ್ವನ ದನಿ ಬರುತ್ತದೆ, ನಾನು ನುಡಿಸುತ್ತೇನೆ, ಅವಳು ತಿದ್ದುತ್ತಾಳೆ ಎಂದು. ಯಾಕೆ ಹಾಗೆ ಹೇಳಿದೆ? ಮೊದಲ ದಿನ ಚೂಯಿ ಕೇಳಿದ, "ಯಾರ ಅವ್ವ?" ಬಾಯಿಗೆ ಬಂದದ್ದು "ನಮ್ಮವ್ವ". ಆಮೇಲೆ ಅದನ್ನು ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ.

ನಿನ್ನೆ ನಿಜ ಹೇಳಿದೆ. ಅವ್ವ ನಾನು ಮೂರು ವರ್ಷದವನಿದ್ದಾಗ ತೀರಿಹೋದಳು, ಸಾಕಿದ್ದು ಗುರವ್ವಜ್ಜಿ, ಹಾಡಿನಲ್ಲಿರುವುದು ನನ್ನ ರೂಮ್‌ಮೇಟಿನ ಅಮ್ಮ ಎಂದೆ. ಮೇಜಿನ ಸುತ್ತ ಹದಿನಾಲ್ಕೂ ಜನ ಹಿಟ್ಟಿನ ಕೈ ನಿಲ್ಲಿಸಿದರು.

"ಕಳುವಿನ ಅವ್ವನ್ನ ನನ್ನ ಬಾಯಾಗ ಹಾಡಿಸಿದೆಲ್ಲಲೇ!" ಎಂದಳು ಲೂಪೆ. "ನಮ್ಮ ಚಿಕ್ಕವ್ವನ್ನ ನಾ ಬೈತೀನಂದ್ರ ಆಕಿ ಮುಂದಿನ ಸಾಲಿನಾಗ ಕುಂತು ಚಪ್ಪಾಳಿ ಹೊಡೀತಾಳ. ಆ ಹುಡುಗ ಎಲ್ಲಿ ಕುಂತಿದ್ದ?"

ಬಾಗಿಲ ಬಳಿ ನಿಂತಿದ್ದ ಎಂದೆ.

ಅವಳು ಒಂದು ಹಿಡಿ ಹಿಟ್ಟು ನನ್ನ ಮುಂದೆ ಒಗೆದು ಕೆಲಸ ನೋಡು ಎಂದಳು. ಹೊರಡುವಾಗ ಹೇಳಿದಳು, ಹಾಡಿನ ಯಜಮಾನ, ಅಂದರೆ ನೀನು, ಒಪ್ಪುವವರೆಗೆ ಲಾಸ್ ತೀಯೋಸ್ ಆ ಹಾಡನ್ನು ಹಾಡುವುದಿಲ್ಲ.

ಎರಡು ವರ್ಷ ನಾನು ಭಾನುವಾರ ಅಷ್ಟು ಬೇಗ ಏಳುತ್ತಿದ್ದೆನಲ್ಲ, ಯಾಕೆಂದು ನೀನು ಕೇಳಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ಬಂದ್ ಮಾಡಿ ಕೂತಿರುತ್ತಿದ್ದೆ. ಗೋಡೆ ತೆಳುವಾಗಿತ್ತು.

ಇರಣ್ಣ


ಮೈಸೂರು
5 ಜನವರಿ 2000

ಚಿ. ಇರಣ್ಣನಿಗೆ ವಿಜಯಮ್ಮನ ಆಶೀರ್ವಾದಗಳು.

ಬೆರಳುಗಳು ಹಟ ಮಾಡುವುದರಿಂದ ಈ ಕಾಗದವನ್ನು ನನ್ನ ಶಿಷ್ಯೆ ನಿಹಾರಿಕಾ ಕೈಯಲ್ಲಿ ಬರೆಸುತ್ತಿದ್ದೇನೆ. ಅವಳು ನಡುನಡುವೆ ನಗುತ್ತಾಳೆ, ಅಕ್ಷರ ಅಲ್ಲಲ್ಲಿ ಓಲಾಡಿದರೆ ಅದು ನನ್ನ ದೋಷವಲ್ಲ.

ಒಂದನೆಯ ತಾರೀಖು ನೀನು ಫೋನ್ ಮಾಡಿದಾಗ ನಾನು ಗಾಬರಿಯಾದೆ. ಕಂಪ್ಯೂಟರುಗಳೆಲ್ಲ ಕೆಟ್ಟು ಪ್ರಪಂಚ ನಿಲ್ಲುತ್ತದೆ ಎಂದು ವಾರವಿಡೀ ಪತ್ರಿಕೆಯಲ್ಲಿ ಓದಿದ್ದೆ, ಜಯಂತನಿಗೆ ಏನೋ ಆಯಿತು ಎಂದುಕೊಂಡೆ. ನೀನು "ಅಮ್ಮಾರ, ನಾ ಇರಣ್ಣ ರೀ, ಒಂದು ತಪ್ಪು ಮಾಡೀನಿ, ಕನ್ನಡದಾಗ ಹಾಡಿ ತೋರಸ್ತೀನಿ" ಎಂದೆ. ಐವತ್ತು ವರ್ಷದಿಂದ ಸಂಗೀತದಲ್ಲಿದ್ದೇನೆ, ತಪ್ಪನ್ನು ಮೊದಲೇ ಹೇಳಿ ಹಾಡಿದವನು ನೀನೊಬ್ಬನೇ.

ಈಗ ಹಾಡಿನ ವಿಷಯ. ಸಾಹಿತ್ಯ ಚೆನ್ನಾಗಿದೆ. ಮಾಮಿ ಎನ್ನುವುದು ಮಾತ್ರ ಬೇಡ, ನಾನು ಯಾವ ಮಾಮಿಯೂ ಅಲ್ಲ. ಲಯ ಓಡುತ್ತದೆ, ಓಡಲಿ, ನಿಮ್ಮ ವಯಸ್ಸು. ಆದರೆ ಶ್ರುತಿ ಎಲ್ಲಿದೆಯಪ್ಪಾ? ಬೇಸರದ ದಿನ ಬಾವಿಯೊಳಗಿಂದ ಕೂಗಿದ ಹಾಗಿತ್ತು. "ಸರಿಯಾಯ್ತಾ" ಎನ್ನುವಲ್ಲಿ ಎರಡನೆಯ ಸಲ ಮೇಲಿನ ಷಡ್ಜಕ್ಕೆ ಹೋಗಬೇಕು, ನೀನು ಅಲ್ಲೇ ಹತ್ತಿರ ಹೋಗಿ ಹಿಂದೆ ಬರುತ್ತೀಯೆ, ಗೇಟಿನವರೆಗೆ ಬಂದು ಒಳಗೆ ಬಾರದ ನೆಂಟನ ಹಾಗೆ.

ನಿನಗೊಂದು ಗುಟ್ಟು ಹೇಳುತ್ತೇನೆ. ನಾವು ಹುಡುಗಿಯರಾಗಿದ್ದಾಗ ಸಂಗೀತ ಸಭೆಯ ಕಾರ್ಯದರ್ಶಿಗಳ ಪಂಚೆ ಯಾವಾಗಲೂ ಜಾರುತ್ತಿತ್ತು. ನಾವು ನಾಲ್ವರು ಹಿಂದಿನ ಸಾಲಿನಲ್ಲಿ ಕೂತು ಒಂದು ಘನವಾದ ವರ್ಣಕ್ಕೆ ಆ ಪಂಚೆಯ ಕಥೆಯನ್ನು ಹೊಂದಿಸಿ ಮೆಲ್ಲಗೆ ಹಾಡುತ್ತಿದ್ದೆವು. ನಮ್ಮ ಗುರುಗಳಿಗೆ ಗೊತ್ತಾಯಿತು. ಬೈಯಲಿಲ್ಲ. "ಎರಡನೇ ಕಾಲದಲ್ಲೂ ಹಾಡಿ ನೋಡೋಣ" ಎಂದರು, ಅಂದರೆ ಇಮ್ಮಡಿ ವೇಗದಲ್ಲಿ. ಅಷ್ಟಕ್ಕೇ ನಮ್ಮ ಜಂಬ ಇಳಿಯಿತು.

ಜಯಂತ ತಂತಿ ಕಿತ್ತುಹೋಗಿದೆ ಎಂದು ಹೇಳಿ ನಾಲ್ಕು ತಿಂಗಳಾಯಿತು, ಇನ್ನೂ ನುಡಿಸಿಲ್ಲ. ಅಭ್ಯಾಸ ಮಾಡದ ಮಕ್ಕಳು ಹೇಳುವ ನೆವಗಳಲ್ಲಿ ಅದು ನನಗೆ ಬಲು ಹಳೆಯದು. ಅವನಾಗಿ ಹೇಳಲಿ ಎಂದು ಕಾದೆ. ಈಗ ಕಾಯುವುದಿಲ್ಲ.

ಹಾಡು ಮುಗಿದ ಮೇಲೆ ನೀನು ಫೋನ್ ಇಡದೆ ಸುಮ್ಮನಿದ್ದೆ. ನಿನ್ನ ಫೋನ್ ಕಾರ್ಡಿನ ನಿಮಿಷ ಮುಗಿಯಿತೇನೋ ಎಂದುಕೊಂಡೆ. ಆಮೇಲೆ ಉಸಿರು ಕೇಳಿಸಿತು. ನಾನೂ ಇಡಲಿಲ್ಲ.

ನಿಮ್ಮ ಅಜ್ಜಿಗೆ ಕಾಗದ ಬರಿ. ತರಕಾರಿ ತಿನ್ನು.

ವಿಜಯಮ್ಮ


ಹೂಸ್ಟನ್
6 ಫೆಬ್ರವರಿ 2000

ಲೋ ಇರಣ್ಣ,

ನನ್ನ ಅಮ್ಮನಿಗೆ ಫೋನ್ ಮಾಡಿ ಆ ಹಾಡು ಹಾಡಲು ನಿನಗೆಷ್ಟು ಧೈರ್ಯ? ನಾನು ನಾಲ್ಕು ತಿಂಗಳು ಯಾವುದನ್ನು ಅವಳಿಂದ ಮುಚ್ಚಿಟ್ಟಿದ್ದೆನೋ ಅದನ್ನು ನೀನು ಮೂರು ನಿಮಿಷದಲ್ಲಿ ಅಪಸ್ವರದಲ್ಲಿ ಒಪ್ಪಿಸಿಬಿಟ್ಟೆ.

ಅಮ್ಮ ಇದನ್ನು ಹೇಳಿದ ಮೊದಲ ವಾರ ಸಿಟ್ಟಿನಲ್ಲಿ ನನ್ನ ಕೈಯಿಂದ ಲ್ಯಾಬಿನಲ್ಲಿ ಗಾಜು ಒಡೆಯಿತು. ಎರಡನೆಯ ವಾರ ಫೋನ್ ಮಾಡಿದರೆ ಅಮ್ಮ ಸೆಖೆ ಚಳಿ ಏನೂ ಕೇಳಲಿಲ್ಲ. "ತಂತಿ ಸಿಕ್ತಾ?" ಎಂದಳು. ಇಲ್ಲ ಎಂದೆ. "ಅಮೆರಿಕದಲ್ಲಿ ಚಂದ್ರನ ಮೇಲೆ ಹೋಗೋರು ಸಿಗ್ತಾರೆ, ಪಿಟೀಲಿನ ತಂತಿ ಸಿಗಲ್ವಾ?" ಎಂದಳು. ಆಮೇಲೆ, ಇರಣ್ಣ, ಅವಳು ಹಾಡಿದಳು. ಬಾಸು ಬೈದರೆ ಕೇಳೋದಿಲ್ಲ, ಪೊಲೀಸ್ ಬೈದರೆ ಕೇಳೋದಿಲ್ಲ. ಮೈಸೂರಿನ ಅರವತ್ತೆರಡು ವರ್ಷದ ಪಿಟೀಲು ವಿದುಷಿ. ಶುದ್ಧ ಶ್ರುತಿಯಲ್ಲಿ. ಹಿಂದೆ ಯಾರೋ ಹುಡುಗಿ ನಗುತ್ತಿದ್ದಳು.

ನಾನು ನಗಬಾರದೆಂದು ತುಟಿ ಕಚ್ಚಿ ಹಿಡಿದೆ. ಆಗಲಿಲ್ಲ.

ಇವತ್ತು ನುಡಿಸಿದೆ. ಹತ್ತು ನಿಮಿಷ. ಕೈ ತುಕ್ಕು ಹಿಡಿದಿದೆ. ಗಾಂಧಾರವನ್ನು ಏಳು ಸಲ ತಿದ್ದಿದಳು. ಏಳನೆಯ ಸಲ ನಾನು ಎಂದಿನಂತೆ "ಅಮ್ಮಾ, ಈಗ ಸರಿಯಾಯ್ತಾ?" ಎಂದು ಕೇಳಿದೆ, ಅವಳಿಗೂ ನಗು ಬಂತು, ಇಬ್ಬರೂ ನಗುವುದರಲ್ಲೇ ಕಾರ್ಡಿನ ನಿಮಿಷಗಳು ಮುಗಿದವು.

ನಿನ್ನ ಡಿಸೆಂಬರಿನ ಕಾಗದ ನನ್ನ ಬಳಿ ಇದೆ. ಅದಕ್ಕೆ ಏನು ಬರೆಯಬೇಕೋ ತಿಳಿಯಲಿಲ್ಲ, ಅದಕ್ಕೇ ಬರೆದಿರಲಿಲ್ಲ.

ನಿನ್ನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ತಮಾಲೆಯ ವಾಸನೆ ಹೋಗುವವರೆಗೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕು.

ಜಯಂತ


ಹೂಸ್ಟನ್
19 ಮಾರ್ಚ್ 2000

ಅಮ್ಮಾ,

ಬೆಳಿಗ್ಗೆ ಫೋನಿನಲ್ಲಿ ಎಲ್ಲ ಹೇಳಿದೆನಾದರೂ ನೀನು ನಡುನಡುವೆ "ಅಪ್ಪಯ್ಯಾ" ಎನ್ನುತ್ತಾ ಅರ್ಧ ಕೇಳಿಸಿಕೊಳ್ಳಲಿಲ್ಲ. ನಿಹಾರಿಕಾ ಓದಿ ಹೇಳಲಿ.

ನಿನ್ನೆ ಶನಿವಾರ ಲಾಸ್ ತೀಯೋಸ್‌ರ ಕಾರ್ಯಕ್ರಮ ಆಸ್ಟಿನ್ನಿನಲ್ಲಿತ್ತು, ಟಾಕೊ ಎಂಬ ಮಡಚಿದ ರೊಟ್ಟಿ ಮಾರುವ ಒಂದು ಅಂಗಡಿಯ ಹಿಂದಿನ ಪಾರ್ಕಿಂಗ್ ಜಾಗದಲ್ಲಿ, ಮಧ್ಯಾಹ್ನ ಮೂರಕ್ಕೆ. ಬರುತ್ತೇನೆಂದು ಇರಣ್ಣನಿಗೆ ಹೇಳಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾದರೂ ನಡೆಯಲಿ ಎಂದು. ಹೂಸ್ಟನ್ನಿನಿಂದ ಮೂರು ಗಂಟೆ ಡ್ರೈವ್ ಮಾಡಿ ಹೋದೆ, ದಾರಿಯುದ್ದಕ್ಕೂ ಹುಲ್ಲಿನಲ್ಲಿ ನೀಲಿ ಹೂವು. ಪಿಟೀಲನ್ನು ಒಯ್ದದ್ದು ನೀನು ಹೇಳಿದ್ದಕ್ಕೆ ಮಾತ್ರ. ಬಿಸಿಲಿನಲ್ಲಿ ಕಾರಿನೊಳಗೆ ಬಿಡಬಾರದೆಂದು ಹೆಗಲಿಗೆ ಹಾಕಿಕೊಂಡು ಜನರ ನಡುವೆ ನಿಂತೆ. ನೂರೈವತ್ತು ಜನ ಇದ್ದಿರಬಹುದು. ತಲೆಗೂದಲು ಹಸಿರು ಮಾಡಿಕೊಂಡವರು, ಮಕ್ಕಳನ್ನೆತ್ತಿಕೊಂಡವರು, ಮಡಚುವ ಕುರ್ಚಿ ತಂದ ಅಜ್ಜಿಯರು. ಅಜ್ಜಿಯರು ಬರುವ ರಾಕ್ ಸಂಗೀತ ಇದೊಂದೇ ಇರಬೇಕು.

ಆ ಲೂಪೆ ಎನ್ನುವವಳು ಕುಳ್ಳಗಿದ್ದಾಳೆ, ದನಿ ಮಾತ್ರ ರೈಲಿನದು. ಇರಣ್ಣ ನಿಜಕ್ಕೂ ಕಪ್ಪೆಯ ಹಾಗೇ ಕುಪ್ಪಳಿಸುತ್ತಾನೆ. ನಾನು ಕೇಳಬಾರದೆಂದು ಎರಡು ವರ್ಷ ಬಾಗಿಲು ಹಾಕಿಕೊಂಡಿದ್ದೆನಲ್ಲ, ಅದು ನಷ್ಟವೇ. ಮದುವೆ ಊಟ ಕದ್ದ ಚಿಕ್ಕಮ್ಮನ ಹಾಡಿಗೆ ನನ್ನ ಪಕ್ಕದಲ್ಲಿದ್ದ ಹೆಂಗಸು ಎದ್ದು ಎಲ್ಲರಿಗೂ ಕೈ ಬೀಸಿದಳು. ಅವಳೇ ಚಿಕ್ಕಮ್ಮ.

ಕೊನೆಗೆ ಜನ "ಮಾಮಿ! ಮಾಮಿ!" ಎಂದು ಕೂಗತೊಡಗಿದರು. ಲೂಪೆ ಕೈಯೆತ್ತಿದಳು. ಇಂಗ್ಲಿಷಿನಲ್ಲೇ ಹೇಳಿದಳು, ನನಗೆ ಕೇಳಿದ್ದು ಹೀಗೆ: "ಅದು ನಮ್ಮದಲ್ಲ ಕಣ್ರಪ್ಪಾ. ಯಜಮಾನರು ಒಪ್ಪಿಗೆ ಕೊಟ್ಟಿಲ್ಲ. ಸುಮ್ಮನೆ ಕೇಳಬೇಡಿ."

ನಾನು ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿದೆ. ಯಾಕೆ ಎತ್ತಿದೆನೋ ಗೊತ್ತಿಲ್ಲ.

ಇರಣ್ಣ ನೋಡಿದ. ಬಾಸ್ ಬಾರಿಸುವುದು ಬಿಟ್ಟು, "ಅಂವಾ! ಅಂವನ ಯಜಮಾನ!" ಎಂದು ಕನ್ನಡದಲ್ಲಿ ಕಿರುಚಿದ. ಜನ ದಾರಿ ಬಿಟ್ಟರು. ನಾಲ್ಕು ಮರದ ಹಲಗೆಯ ವೇದಿಕೆ. ಹತ್ತಿದೆ. ಲೂಪೆ ಮೈಕ್ ಕೊಟ್ಟು, "ಏನಂತೀರಿ?" ಎಂದಳು.

"ಹಾಡಿ. ಆದ್ರೆ ಇವನು ತಪ್ಪು ತಪ್ಪಾಗಿ ಹಾಡ್ತಾನೆ, ಮೊದಲು ಅದನ್ನ ಸರಿ ಮಾಡ್ಬೇಕು" ಎಂದೆ.

ಪಿಟೀಲು ತೆಗೆದೆ. ಶ್ರುತಿ ಮಾಡಿಕೊಳ್ಳುವವರೆಗೆ ನೂರೈವತ್ತು ಜನ ಸದ್ದಿಲ್ಲದೆ ನಿಂತರು, ಅದು ನಮ್ಮ ಸಭೆಗಳಲ್ಲೂ ಆಗುವುದಿಲ್ಲ. ಚೂಯಿ ಎಣಿಸಿದ. ಹಾಡು ಓಡಿತು. ಎರಡನೆಯ ಸಾಲಿನಲ್ಲಿ ನಾನು ಕಮಾನು ಎತ್ತಿ ನಿಲ್ಲಿಸಿದೆ. ನಿನ್ನ ದನಿಯಲ್ಲಿ, ಬೇಕೆಂದೇ ನಿನ್ನ ದನಿಯಲ್ಲಿ, "ಇಲ್ಲ, ಮೇಲೆ ಹೋಯ್ತು" ಎಂದೆ. ಇರಣ್ಣ ತಬ್ಬಿಬ್ಬಾದ. ಮತ್ತೆ ಶುರು ಮಾಡಿದರು. ಮತ್ತೆ ನಿಲ್ಲಿಸಿದೆ. "ಇಲ್ಲ, ಈಗ ಕೆಳಗೆ ಬಂತು." ಜನಕ್ಕೆ ಆಟ ತಿಳಿಯಿತು. ಮೂರನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ಅಜ್ಜಿಯರೂ ಸೇರಿ ಎಲ್ಲರೂ "ಇಲ್ಲಾ!" ಎಂದು ಕೂಗಿದರು. ಇರಣ್ಣ ಬಾಸನ್ನು ಕೊರಳಲ್ಲಿ ನೇತಾಡಿಸಿಕೊಂಡು ಕೈಕಟ್ಟಿ ನಿಂತ. ಮೈಕಿಗೆ ಬಾಗಿ, ಮೆತ್ತಗೆ, "ಅಮ್ಮಾ, ಈಗ ಸರಿಯಾಯ್ತಾ?" ಎಂದ.

ಅದು ಅಣಕದ ದನಿಯಾಗಿರಲಿಲ್ಲ ಅಮ್ಮಾ. ನಾನು ಕಮಾನು ಇಳಿಸಿದೆ. ಆಮೇಲೆ ಸರಿಯಾಯಿತು ಎಂದೆ. ಕೊನೆಯವರೆಗೆ ನಿಲ್ಲಿಸದೆ ನುಡಿಸಿದೆವು. ಅಷ್ಟು ವೇಗದಲ್ಲಿ ನಾನು ಜನ್ಮದಲ್ಲಿ ನುಡಿಸಿಲ್ಲ. ಕಮಾನಿನ ಕೂದಲು ಮೂರು ಕಿತ್ತಿವೆ, ಇದು ನಿಜವಾಗಿಯೂ ಕಿತ್ತದ್ದು.

ಆಮೇಲೆ ವೇದಿಕೆಯ ಹಿಂದೆ ನಾವಿಬ್ಬರೂ ನಿಂತೆವು.

"ಯಾವಾಗ ಬಂದಿ?" ಎಂದ.

"ಮೂರಕ್ಕೆ."

"ಊಟ ಮಾಡಿಯೇನು?"

"ಇಲ್ಲ."

"ಬಾ."

ಇಬ್ಬರೂ ಬೀನ್ಸ್ ಟಾಕೊ ತಿಂದೆವು. ಅವನ ಕಣ್ಣು ಕೆಂಪಾಗಿತ್ತು, ಹಸಿಮೆಣಸಿನಕಾಯಿ ಖಾರ ಎಂದ. ಅವನ ತಟ್ಟೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಮುಂದಿನ ಭಾನುವಾರ ಹೂಸ್ಟನ್ನಿಗೆ ಬಾ, ಎಂಟಕ್ಕೆ ಮೊದಲು ಬಾ, ರೂಮಿನ ಒಳಗೇ ಕೂತುಕೋ ಎಂದೆ.

ನೀನು ಇಲ್ಲಿಗೆ ಬರಲು ಬೇಕಾದ ವೀಸಾ ಕಾಗದಗಳನ್ನು ಬೇರೆ ಲಕೋಟೆಯಲ್ಲಿ ಕಳಿಸಿದ್ದೇನೆ. ಸಹಿ ಮಾಡುವ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ.

ಜಯಂತ


ಆರ್ಲಿಂಗ್ಟನ್
12 ಜುಲೈ 2000

ಲೇ ಜಯಂತ,

ನಿಮ್ಮ ಅಮ್ಮ ಸುಖವಾಗಿ ಬಂದಿಳಿದಿದ್ದಾರೆ. ಫೋನಿನಲ್ಲಿ ಇಷ್ಟು ಹೇಳಿ ಇಟ್ಟೆನಲ್ಲ, ಉಳಿದದ್ದನ್ನು ಬರೆಯುತ್ತಿದ್ದೇನೆ. ಅವರು ಸೋಫಾದ ಮೇಲೆ ನಿದ್ದೆ ಮಾಡುತ್ತಿದ್ದಾರೆ, ಫೋನಿನಲ್ಲಿ ಮಾತಾಡಿದರೆ ಎದ್ದುಬಿಡುತ್ತಾರೆ.

ಟಿಕೆಟ್ ಡ್ಯಾಲಸ್‌ವರೆಗೆ ಮಾತ್ರ ಸಿಕ್ಕಿತು, ನಿನ್ನ ಲ್ಯಾಬಿನವರು ಶನಿವಾರದವರೆಗೆ ರಜೆ ಕೊಡಲಿಲ್ಲ. ಇವೆರಡಕ್ಕೂ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ, ಸಿಟ್ಟಾಗಬೇಡ.

ಏರ್‌ಪೋರ್ಟಿಗೆ ಲೂಪೆ ವ್ಯಾನ್ ತಂದಿದ್ದಳು. ಬಾಗಿಲಿನಿಂದ ಜನ ಬರುತ್ತಲೇ ಇದ್ದರು, ಇವರು ಕಾಣಲಿಲ್ಲ. ಒಂದೂವರೆ ಗಂಟೆಯಾಯಿತು. ನಾನು ಅವರನ್ನು ಫೋಟೊದಲ್ಲಿ ಬಿಟ್ಟರೆ ಕಂಡಿಲ್ಲ, ಅವರು ನನ್ನನ್ನು ಅಷ್ಟೂ ಕಂಡಿಲ್ಲ. ಲೂಪೆ, "ನಿನ್ನ ಎದಿ ಡ್ರಮ್ಮಿನಂಗ ಬಡೀತೈತಿ, ನನಗ ಕೇಳಾಕತ್ತೈತಿ" ಎಂದಳು. ಕೊನೆಗೆ ಬಂದರು. ಹಸಿರು ರೇಷ್ಮೆ ಸೀರೆ, ಕಾಲಿಗೆ ಕ್ಯಾನ್‌ವಾಸ್ ಶೂ. ಒಂದೇ ಸಲ ಸುತ್ತ ನೋಡಿ ನೆಟ್ಟಗೆ ನನ್ನ ಹತ್ತಿರ ನಡೆದು ಬಂದು ಕೈಚೀಲವನ್ನು ನನ್ನ ಕೈಗೆ ಕೊಟ್ಟರು. ನಮಸ್ಕಾರ ಮಾಡಲು ಬಾಗಿದರೆ, "ಆಮೇಲೆ ಮಾಡುವೆಯಂತೆ, ಮೊದಲು ಕಾಫಿ ಎಲ್ಲಿ ಸಿಗುತ್ತೆ ಹೇಳು" ಎಂದರು.

ವ್ಯಾನಿನಲ್ಲಿ ಲೂಪೆಯನ್ನು ಮುಂದಿನ ಕನ್ನಡಿಯಲ್ಲಿ ನೋಡುತ್ತಾ ನನಗೆ ಹೇಳಿದರು, "ಈ ಹುಡುಗಿ ಹೊಟ್ಟೆಯಿಂದ ಹಾಡಲ್ಲ, ಗಂಟಲಿನಿಂದ ಹಾಡ್ತಾಳೆ. ನಲವತ್ತಕ್ಕೆ ದನಿ ಹೋಗುತ್ತೆ. ಹೇಳು ಅವಳಿಗೆ." ಹೇಳಿದೆ. ಲೂಪೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ತಿರುಗಿ, "ಹೊಟ್ಟಿಯಿಂದ ಹೆಂಗ?" ಎಂದು ಕೇಳಿದಳು. ಹೆದ್ದಾರಿಯ ಬದಿಯಲ್ಲಿ, ಲಾರಿಗಳು ಪಕ್ಕದಲ್ಲಿ ಹೋಗುತ್ತಿರಲು, ಮೊದಲ ಪಾಠವಾಯಿತು. ನಾಳೆ ಎರಡನೆಯದಂತೆ. ಚೂಯಿಯೂ ಬರುತ್ತಾನೆ.

ಮನೆಗೆ ಬಂದು ಅನ್ನ, ಬೇಳೆಸಾರು ಮಾಡಿಹಾಕಿದೆ. ಊಟ ಮಾಡುತ್ತಾ, ಅಷ್ಟು ತಡವಾದದ್ದು ಯಾಕೆಂದು ಕೇಳಿದೆ. ಇಮಿಗ್ರೇಷನ್ ಕೌಂಟರಿನ ಅಧಿಕಾರಿಯೊಡನೆ ಚರ್ಚೆಯಾಯಿತಂತೆ. ಯಾರನ್ನು ನೋಡಲು ಬಂದಿದ್ದೀರಿ ಎಂದು ಅವನು ಕೇಳಿದ. ಇಬ್ಬರು ಮಕ್ಕಳನ್ನು ಎಂದರಂತೆ. ಅವನು ಕಾಗದ ತಿರುವಿ ನೋಡಿ, ಇದರಲ್ಲಿ ಒಬ್ಬ ಮಗ ಎಂದಿದೆಯಲ್ಲ, ಹೂಸ್ಟನ್ನಿನಲ್ಲಿ ಎಂದನಂತೆ.

"ನಾನೇನು ಸುಳ್ಳು ಹೇಳೋಳಾ?" ಎಂದರು ನಿಮ್ಮ ಅಮ್ಮ, ಸಾರಿಗೆ ಇನ್ನಷ್ಟು ತುಪ್ಪ ಹಾಕಿಕೊಳ್ಳುತ್ತಾ. "ಫಾರಮ್ಮಿನಲ್ಲಿ ಒಂದೇ ಹೆಸರಿಗೆ ಜಾಗ ಕೊಟ್ಟಿದಾರೆ. ಇನ್ನೊಬ್ಬ ಹೊರಗಡೆ ಕಾಯ್ತಾ ಇದಾನೆ, ಬೇಕಾದ್ರೆ ಬಂದು ನೋಡಪ್ಪಾ ಅಂದೆ. ಅವನಿಗೆ ಅರ್ಥ ಆಗೋಕೆ ಅಷ್ಟು ಹೊತ್ತು ಹಿಡೀತು."

ಆಮೇಲೆ ಸಾರಿಗೆ ಉಪ್ಪು ಕಡಿಮೆ ಎಂದರು. ನಾನು ಉಪ್ಪು ತರಲು ಅಡುಗೆಮನೆಗೆ ಹೋದವನು ಸ್ವಲ್ಪ ತಡವಾಗಿ ಬಂದೆ.

ಶನಿವಾರ ನೀನು ನಸುಕಿನಲ್ಲೇ ಹೊರಡುತ್ತೇನೆ ಎಂದಿದ್ದೀ. ಅಷ್ಟು ಅವಸರ ಯಾಕೆ? ನಿದ್ದೆ ಮುಗಿಸು, ಸ್ನಾನ ಮಾಡು, ತಿಂಡಿ ತಿಂದು ಹೊರಡು. ದಾರಿಯಲ್ಲಿ ಎರಡು ಕಡೆ ನಿಲ್ಲಿಸು. ಸಂಜೆಯ ಹೊತ್ತಿಗೆ ಬಂದರೂ ಸಾಕು.

ನಿನ್ನ
ಇರಣ್ಣ